ಇರುವುದೆಲ್ಲಕ್ಕೂ ವ್ಯಾಸ ಎಲ್ಲಿಂದ ಬಂತು?

ಪ್ರಶ್ನೆ: ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ‘ವಿಶ್ವ ಎಂದರೆ ಇರುವುದೆಲ್ಲ’ ಎಂದು ಬರೆಸಿ, ಕೆಳಗಿನ ಸಾಲಿನಲ್ಲಿ ‘ವಿಶ್ವದ ವ್ಯಾಸ 9,300 ಕೋಟಿ ಜ್ಯೋತಿರ್ವರ್ಷ, ವಯಸ್ಸು 1,380 ಕೋಟಿ ವರ್ಷ’ ಎಂದು ಬರೆಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಇರುವುದೆಲ್ಲ ಅಂದಮೇಲೆ ಅದಕ್ಕೆ ವ್ಯಾಸ ಹೇಗೆ? ಅದರಾಚೆ ಏನಿದೆ?’ ಎಂದಳು. ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರ ಓದಿಬಂದ ಸಹೋದ್ಯೋಗಿಯೊಬ್ಬರು ‘ವಿಶ್ವಕ್ಕೆ ಲಕ್ಷಣವನ್ನೇ (ಖಚಿತ ವ್ಯಾಖ್ಯೆಯನ್ನೇ) ಹೇಳಲಾಗದು, ಬಿಡಿ’ ಎನ್ನುತ್ತಾರೆ. ಯಾರು ಸರಿ? ಮಕ್ಕಳಿಗೆ ಏನು ಬರೆಸಲಿ?

ಉತ್ತರ: ಹುಡುಗಿ ಪೂರ್ತಿ ಸರಿ, ಸಹೋದ್ಯೋಗಿ ಅರ್ಧ ಸರಿ. ನೀವು ಬರೆಸಿದ ಎರಡು ಸಾಲುಗಳೂ ಬಿಡಿಬಿಡಿಯಾಗಿ ತಪ್ಪಲ್ಲ. ಆದರೆ ಒಂದೇ ಹೆಸರು ಎರಡು ಬೇರೆ ಸಂಗತಿಗಳಿಗೆ ಅಂಟಿಕೊಂಡಿದೆ. ಮೊದಲ ಸಾಲಿನ ವಿಶ್ವ ಯಾವುದನ್ನೂ ಹೊರಗೆ ಬಿಡುವುದಿಲ್ಲ. ಎರಡನೆಯ ಸಾಲಿನದು, ಬೆಳಕು ಇನ್ನೂ ನಮ್ಮನ್ನು ಮುಟ್ಟದ ಜಾಗವನ್ನೆಲ್ಲ ಹೊರಗೆ ಬಿಟ್ಟಿದೆ. ಹೊರಗೆ ಬಿಟ್ಟಿದ್ದರಿಂದಲೇ ಅದಕ್ಕೆ ವ್ಯಾಸ ಸಿಕ್ಕಿತು. ವಿಶ್ವಕ್ಕೆ ಅಳೆಯಬಹುದಾದ ಲಕ್ಷಣ ಕೊಟ್ಟವರೆಲ್ಲ ‘ಎಲ್ಲ’ ಎಂಬುದರಿಂದ ಏನನ್ನಾದರೂ ಕಳೆದೇ ಕೊಟ್ಟಿದ್ದಾರೆ. ಏನನ್ನು ಕಳೆದರು ಎಂಬುದನ್ನು ಜೊತೆಗೆ ಹೇಳದಿದ್ದಾಗ ಗೊಂದಲ ಹುಟ್ಟುತ್ತದೆ.

ಸಹೋದ್ಯೋಗಿಯ ಮಾತಿನ ಹಿಂದೆ ನಮ್ಮ ಹಳೆಯ ತರ್ಕದರ್ಶನವಾದ ನ್ಯಾಯಶಾಸ್ತ್ರದ ಗಟ್ಟಿ ವಾದವಿದೆ. ಅದನ್ನು ಮೊದಲು ಪೂರ್ತಿ ಬಿಡಿಸೋಣ. ಅದರ ಪ್ರವೇಶಗ್ರಂಥ ತರ್ಕಸಂಗ್ರಹ ಓದುವ ವಿದ್ಯಾರ್ಥಿಗೆ ಲಕ್ಷಣದ ಮೂರು ದೋಷಗಳನ್ನು ಹಸುವಿನ ಉದಾಹರಣೆಯಿಂದಲೇ ಕಲಿಸುತ್ತಾರೆ. ‘ಹಸು ಎಂದರೆ ಕಪಿಲ ಬಣ್ಣದ್ದು’ ಎಂದರೆ ಬಿಳಿ ಹಸು ಬಿಟ್ಟುಹೋಯಿತು, ಅದು ಅವ್ಯಾಪ್ತಿ. ‘ಕೊಂಬುಳ್ಳದ್ದು’ ಎಂದರೆ ಎಮ್ಮೆಯೂ ಒಳಗೆ ಬಂತು, ಅತಿವ್ಯಾಪ್ತಿ. ‘ಸೀಳಿಲ್ಲದ ಒಂಟಿ ಗೊರಸಿನದು’ ಎಂದರೆ ಒಂದು ಹಸುವೂ ಸಿಗುವುದಿಲ್ಲ, ಅಸಂಭವ. ‘ಗಂಗೆದೊಗಲುಳ್ಳದ್ದು’ (ಕೊರಳ ಕೆಳಗೆ ಜೋಲುವ ತೊಗಲುಳ್ಳದ್ದು) ಎಂದಾಗ ಮೂರೂ ದೋಷ ಕಳೆಯಿತು. ಅಂದರೆ ಲಕ್ಷಣವೆಂಬುದು ಹಸುವಿನಲ್ಲಿ ಮಾತ್ರ ಇದ್ದು ಬೇರೆ ಕಡೆ ಇಲ್ಲದ ಧರ್ಮ, ಅಂದರೆ ಗುಣ. ‘ಬೇರೆ ಕಡೆ’ ಎಂಬುದೊಂದು ಇದ್ದರೆ ತಾನೇ ಈ ಕೆಲಸ ನಡೆಯುವುದು? ‘ಇರುವುದೆಲ್ಲ’ಕ್ಕೆ ಬೇರೆ ಕಡೆಯೇ ಇಲ್ಲ. ಎಲ್ಲೆಲ್ಲೂ ಇರುವ, ಎಲ್ಲೂ ಇಲ್ಲದೆ ಹೋಗದ ಇಂಥ ಧರ್ಮಕ್ಕೆ ನೈಯಾಯಿಕರು (ನ್ಯಾಯಶಾಸ್ತ್ರದವರು) ಕೇವಲಾನ್ವಯಿ ಎಂದರು. ಪ್ರಮೇಯತ್ವ, ಅಭಿಧೇಯತ್ವ ಅದಕ್ಕೆ ಅವರು ಕೊಡುವ ಉದಾಹರಣೆಗಳು: ತಿಳಿಯಬಹುದಾದದ್ದು, ಹೆಸರಿಡಬಹುದಾದದ್ದು ಎಂಬ ಧರ್ಮ ಯಾವ ವಸ್ತುವನ್ನೂ ಬಿಡುವುದಿಲ್ಲ.

ಸಹೋದ್ಯೋಗಿ ನಿಂತದ್ದು ಇಲ್ಲಿ. ನೈಯಾಯಿಕರು ಮಾತ್ರ ಇಲ್ಲಿಗೆ ನಿಲ್ಲಲಿಲ್ಲ. ಲಕ್ಷಣಕ್ಕೆ ಪ್ರಯೋಜನ ಎರಡು, ವ್ಯಾವೃತ್ತಿ ಮತ್ತು ವ್ಯವಹಾರ, ಎಂಬುದು ಅವರದೇ ಮಾತು. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ವ್ಯಾವೃತ್ತಿ. ಮಾತಿಗೆ, ಕೆಲಸಕ್ಕೆ ಒದಗುವಂತೆ ಗುರುತು ಮಾಡಿಕೊಡುವುದು ವ್ಯವಹಾರ. ‘ಪದಾರ್ಥ’ಕ್ಕೆ ಅಭಿಧೇಯತ್ವವೇ ಲಕ್ಷಣ ಎಂದು ಅವರು ಒಪ್ಪುತ್ತಾರಲ್ಲ, ಅದು ಈ ಎರಡನೆಯ ಪ್ರಯೋಜನದ ಬಲದ ಮೇಲೆ. ಆದ್ದರಿಂದ ವಿಶ್ವಕ್ಕೆ ವ್ಯಾವೃತ್ತಿಯ ಲಕ್ಷಣ ಸಿಗದು ಎಂಬ ಮಾತು ನಿಲ್ಲುತ್ತದೆ, ಲಕ್ಷಣವೇ ಸಿಗದು ಎಂಬುದು ನಿಲ್ಲುವುದಿಲ್ಲ. ಭೌತವಿಜ್ಞಾನಿಗಳು ಮಾಡುತ್ತಿರುವುದೆಲ್ಲ ವ್ಯವಹಾರದ ಲಕ್ಷಣವೇ, ಅವರು ಈ ಹೆಸರು ಹಿಡಿದು ಹೇಳುವುದಿಲ್ಲ, ಅಷ್ಟೆ.

‘ಇರುವುದೆಲ್ಲ’ ಎಂಬ ಸಾಲಿಗೆ ಇನ್ನೂ ಎರಡು ತೊಡಕಿದೆ. ಒಂದು ಗಣಿತದ್ದು, ಬೇಗ ಮುಗಿಯುತ್ತದೆ. ಸಂಖ್ಯೆ, ಗಣ, ನಿಯಮಗಳು ಕೂಡ ‘ಇವೆ’ ಎಂದು ಒಪ್ಪಿದರೆ, ‘ಎಲ್ಲ’ವನ್ನೂ ಒಂದೇ ಗಣದೊಳಗೆ ತುಂಬಲು ಬರುವುದಿಲ್ಲ. ಯಾವ ಗಣ ಕೊಟ್ಟರೂ ಅದರ ಉಪಗಣಗಳೆಲ್ಲ ಸೇರಿದ ಗಣ ಅದಕ್ಕಿಂತ ದೊಡ್ಡದು ಎಂದು ಕ್ಯಾಂಟರ್ ಸಾಧಿಸಿದರು. ತನ್ನನ್ನು ತಾನು ಒಳಗೊಳ್ಳದ ಗಣಗಳ ಗಣ ಎಂದರೆ ವಿರೋಧ ಹುಟ್ಟುತ್ತದೆ ಎಂಬುದನ್ನು 1901ರಲ್ಲಿ ರಸೆಲ್ ಕಂಡರು. ಹಾಗಾಗಿ ವಿಜ್ಞಾನದ ತರಗತಿಯಲ್ಲಿ ‘ಎಲ್ಲ’ ಎಂದರೆ ಭೌತಿಕವಾದದ್ದೆಲ್ಲ ಎಂದು ಮೊದಲೇ ಬೇಲಿ ಹಾಕಬೇಕು. ಬೇಲಿ ಹಾಕಿದ ಕೂಡಲೇ, ನಿಸರ್ಗನಿಯಮಗಳು ಬೇಲಿಯ ಒಳಗೋ ಹೊರಗೋ ಎಂಬ ಜಗಳ ಶುರುವಾಗುತ್ತದೆ. ಅದಿನ್ನೂ ತೀರಿಲ್ಲ.

ಎರಡನೆಯ ತೊಡಕು ‘ಇರುವುದು’ ಎಂಬುದರಲ್ಲಿದೆ. ಇರುವುದೆಂದರೆ ಯಾವಾಗ? ಈಗ ಎಂದರೆ ಯಾರ ಈಗ? ಆಂಡ್ರೊಮಿಡಾ ಗೆಲಾಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಮೈಸೂರಿನ ಅಕ್ಷಾಂಶದಲ್ಲಿ ಅದು ಈಶಾನ್ಯಕ್ಕೆ ಹುಟ್ಟುತ್ತದೆ. ಹುಟ್ಟುವ ಹೊತ್ತಿಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಇಬ್ಬರು ಗಂಟೆಗೆ 5 ಕಿ.ಮೀ. ವೇಗದಲ್ಲಿ ವಾಕಿಂಗ್ ಮಾಡುತ್ತಾ ಎದುರುಬದುರಾಗಿ ದಾಟುತ್ತಾರೆ ಎನ್ನಿ. ಒಬ್ಬರ ಮುಖ ಈಶಾನ್ಯಕ್ಕೆ, ಇನ್ನೊಬ್ಬರದು ನೈಋತ್ಯಕ್ಕೆ. ವಿಶೇಷ ಸಾಪೇಕ್ಷತೆಯ ಲೆಕ್ಕದಲ್ಲಿ ಅವರವರ ‘ಈಗ’ ಆಂಡ್ರೊಮಿಡಾದಲ್ಲಿ ಬೇರೆ ಬೇರೆ ದಿನ ಬೀಳುತ್ತದೆ. ಲೆಕ್ಕ ಸುಲಭ: ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ 25 ಲಕ್ಷ ವರ್ಷದಿಂದ ಗುಣಿಸಿ. ಸೆಕೆಂಡಿಗೆ 1.39 ಮೀಟರ್ ನಡಿಗೆಗೆ ಸುಮಾರು 4.2 ದಿನ ಬರುತ್ತದೆ. ವಿರುದ್ಧ ದಿಕ್ಕಾದ್ದರಿಂದ ಇಬ್ಬರ ನಡುವೆ ಎಂಟೂವರೆ ದಿನದ ಹತ್ತಿರ ವ್ಯತ್ಯಾಸ. ಈ ವಾರ ಅಲ್ಲಿ ಒಂದು ನಕ್ಷತ್ರ ಸಿಡಿದಿದ್ದರೆ ಒಬ್ಬರ ಪಾಲಿಗೆ ಅದು ‘ಇರುವುದೆಲ್ಲ’ದಲ್ಲಿ ಸೇರಿದೆ, ಇನ್ನೊಬ್ಬರ ಪಾಲಿಗೆ ಇನ್ನೂ ಸೇರಿಲ್ಲ.

ಇದರಿಂದ ಪಾರಾಗಲು ವಿಶ್ವವಿಜ್ಞಾನಿಗಳು ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಆಕಾಶದ ಎಲ್ಲ ದಿಕ್ಕಿನಿಂದ ಬರುವ 2.725 ಕೆಲ್ವಿನ್ ಹಿನ್ನೆಲೆ ವಿಕಿರಣ (ಆರಂಭದ ಬಿಸಿಯಿಂದ ಉಳಿದ ಮಂದ ಬೆಳಕು) ಯಾರಿಗೆ ಎಲ್ಲ ಕಡೆ ಒಂದೇ ಉಷ್ಣತೆಯಲ್ಲಿ ಕಾಣುತ್ತದೋ ಅವರ ಗಡಿಯಾರವೇ ಪ್ರಮಾಣ. ನಮ್ಮ ಸೌರವ್ಯೂಹ ಆ ಲೆಕ್ಕದಲ್ಲಿ ನಿಂತಿಲ್ಲ, ಸೆಕೆಂಡಿಗೆ ಸುಮಾರು 370 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಅದರಿಂದ ಮುಂದಿನ ದಿಕ್ಕಿನ ಆಕಾಶ ಕೆಲ್ವಿನ್ನಿನ ಸಾವಿರದಲ್ಲಿ 3.4 ಪಾಲಿನಷ್ಟು ಬೆಚ್ಚಗೆ, ಹಿಂದಿನದು ಅಷ್ಟೇ ತಣ್ಣಗೆ ಕಾಣುತ್ತದೆ. ಆ ವ್ಯತ್ಯಾಸವನ್ನು ಕಳೆದು ಲೆಕ್ಕ ಹಾಕುತ್ತಾರೆ. 1,380 ಕೋಟಿ ವರ್ಷ ಎಂಬುದು ಈ ಗಡಿಯಾರದ ಓದು.

ಇನ್ನು ವಯಸ್ಸು. 1,380 ಕೋಟಿ ಎಂಬುದು ‘ಇರುವುದೆಲ್ಲ’ದ ವಯಸ್ಸಲ್ಲ, ಹಿಗ್ಗುವಿಕೆಯ ವಯಸ್ಸು. ಇಂದಿನ ಹಿಗ್ಗುವಿಕೆಯನ್ನು ಸಮೀಕರಣದ ಮೂಲಕ ಹಿಂದಕ್ಕೆ ಓಡಿಸಿದರೆ, ವಿಪರೀತ ಬಿಸಿಯಾಗಿ, ಸಾಂದ್ರವಾಗಿದ್ದ ಸ್ಥಿತಿ ಸಿಗುತ್ತದೆ. ಅಲ್ಲಿಂದ ಈಚೆಗಿನ ಎಣಿಕೆ ಇದು. ಇನ್ನೂ ಹಿಂದಕ್ಕೆ, ಸೆಕೆಂಡಿನ 10ರ ಮೈನಸ್ 43ನೇ ಘಾತದಷ್ಟು ಹತ್ತಿರ ಹೋದಾಗ ಐನ್‌ಸ್ಟೈನರ ಸಮೀಕರಣವೇ ಕೈಕೊಡುತ್ತದೆ. ಅದಕ್ಕೂ ಮುಂಚೆ ಏನಾದರೂ ಇತ್ತೇ ಎಂಬ ಪ್ರಶ್ನೆಗೆ ಈ ಸಂಖ್ಯೆ ಹೌದೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ. 1929ರಲ್ಲಿ ಹಬಲ್ ಅಳೆದ ಹಿಗ್ಗುವಿಕೆಯ ದರ, ಪ್ರತಿ ಮೆಗಾಪಾರ್ಸೆಕ್‌ಗೆ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷಕ್ಕೆ) ಸೆಕೆಂಡಿಗೆ ಸುಮಾರು 500 ಕಿ.ಮೀ. ಅದನ್ನು ತಿರುವಿಹಾಕಿದರೆ ವಿಶ್ವದ ವಯಸ್ಸು 200 ಕೋಟಿ ವರ್ಷಕ್ಕೆ ಬಂದು ನಿಲ್ಲುತ್ತಿತ್ತು, ಭೂಮಿಯ ಬಂಡೆಗಳಿಗಿಂತ ಎಳೆಯದು! ತಪ್ಪಿದ್ದದ್ದು ದೂರದ ಅಳತೆಯಲ್ಲಿ. ದೂರ ಅಳೆಯಲು ಬಳಸುವ ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳಲ್ಲಿ ಎರಡು ಜಾತಿ ಇವೆ ಎಂದು 1952ರಲ್ಲಿ ವಾಲ್ಟರ್ ಬಾಡೆ ತೋರಿಸಿದ ಮೇಲೆ ದೂರಗಳೆಲ್ಲ ಒಮ್ಮೆಗೇ ಇಮ್ಮಡಿಯಾದವು. ಇಂದು ಪ್ಲಾಂಕ್ ಉಪಗ್ರಹದ ಹಿನ್ನೆಲೆ ವಿಕಿರಣದ ಲೆಕ್ಕ ಅದೇ ದರವನ್ನು 67.4 ಎನ್ನುತ್ತದೆ, ಸೆಫೀಡ್ ಮತ್ತು ಸೂಪರ್‌ನೋವಾ (ಸಿಡಿಯುವ ನಕ್ಷತ್ರ) ಹಿಡಿದು ಅಳೆದವರ ಲೆಕ್ಕ 73ರ ಆಸುಪಾಸು. ಎರಡರ ದೋಷದ ಅಂಚೂ ಒಂದನ್ನೊಂದು ಮುಟ್ಟುವುದಿಲ್ಲ. ಮೊದಲನೆಯದು ವಿಶ್ವದ ಒಂದು ಮಾದರಿಯನ್ನು ನಂಬಿ ತೆಗೆದ ಸಂಖ್ಯೆ ಎಂಬುದನ್ನು ಮರೆಯಬೇಡಿ. ಇಲ್ಲಿ ‘ವಿಶ್ವ’ ಎಂದರೆ ಆ ಮಾದರಿ.

ಈಗ ವ್ಯಾಸ. ಮಕ್ಕಳು, ಎಷ್ಟೋ ಸಲ ಪುಸ್ತಕ ಬರೆಯುವವರು ಕೂಡ, ಜಾರುವುದು ಇಲ್ಲೇ. ವಯಸ್ಸು 1,380 ಕೋಟಿ ವರ್ಷವಾದರೆ ಬೆಳಕು ಬಂದಿರಬಹುದಾದ ದೂರ 1,380 ಕೋಟಿ ಜ್ಯೋತಿರ್ವರ್ಷ, ವ್ಯಾಸ 2,760 ಕೋಟಿ ಎಂದು ಗುಣಿಸಿಬಿಡುತ್ತಾರೆ. ಜಾಗ ಹಿಗ್ಗದೆ ಸುಮ್ಮನಿದ್ದಿದ್ದರೆ ಅದು ಸರಿಯಾಗುತ್ತಿತ್ತು. ನಮಗೆ ಕಾಣುವ ಅತಿ ಹಳೆಯ ಬೆಳಕು ಆ ಹಿನ್ನೆಲೆ ವಿಕಿರಣವೇ, ಹಿಗ್ಗುವಿಕೆ ಶುರುವಾಗಿ ಸುಮಾರು 3.8 ಲಕ್ಷ ವರ್ಷಕ್ಕೆ ಹೊರಟದ್ದು. ಅದು ಹೊರಟಾಗ ಆ ಜಾಗ ನಮ್ಮ ಜಾಗದಿಂದ 4 ಕೋಟಿ ಚಿಲ್ಲರೆ ಜ್ಯೋತಿರ್ವರ್ಷ ದೂರವಿತ್ತು, ಅಷ್ಟೆ. ದಾರಿ ಉದ್ದವಾಗುತ್ತಲೇ ಹೋದದ್ದರಿಂದ ಬೆಳಕಿಗೆ ಬಂದು ಸೇರಲು 1,380 ಕೋಟಿ ವರ್ಷ ಹಿಡಿಯಿತು. ಅಷ್ಟರಲ್ಲಿ ಜಾಗ 1,090 ಪಟ್ಟು ಹಿಗ್ಗಿದೆ. ಬೆಳಕನ್ನು ಕಳಿಸಿದ ಆ ದ್ರವ್ಯ ಇಂದು ಸುಮಾರು 4,500 ಕೋಟಿ ಜ್ಯೋತಿರ್ವರ್ಷ ಆಚೆ ಇದೆ. ಆರಂಭದ 3.8 ಲಕ್ಷ ವರ್ಷವನ್ನೂ ಸೇರಿಸಿ ತಾತ್ತ್ವಿಕ ಮಿತಿಯನ್ನು ಲೆಕ್ಕ ಹಾಕಿದರೆ ತ್ರಿಜ್ಯ 4,650 ಕೋಟಿ, ವ್ಯಾಸ 9,300 ಕೋಟಿ. ಒಂದೇ ದೂರಕ್ಕೆ ಮೂರು ಉತ್ತರ ಬಂದವಲ್ಲ: ಬೆಳಕು ಹೊರಟಾಗಿನ ದೂರ, ಬೆಳಕಿಗೆ ಹಿಡಿದ ಕಾಲದಿಂದ ಹೇಳುವ ದೂರ, ಇಂದಿನ ದೂರ. ಯಾವುದು ಎಂದು ಹೇಳದೆ ಸಂಖ್ಯೆ ಕೊಟ್ಟ ಸುದ್ದಿಯನ್ನು ಓದುವಾಗ ಎಚ್ಚರ ಬೇಕು.

ಆ ಮಿತಿ ವಿಶ್ವದ ಗೋಡೆಯಲ್ಲ ಎಂಬುದನ್ನು ಮಕ್ಕಳಿಗೆ ತೋರಿಸಲು ಚಾಮುಂಡಿ ಬೆಟ್ಟ ಸಾಕು. ಬೆಟ್ಟ ಊರಿನ ನೆಲದಿಂದ ಸುಮಾರು 300 ಮೀಟರ್ ಮೇಲಿದೆ. ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಕಿ.ಮೀ.ಗಳಲ್ಲಿ ಸಿಗುತ್ತದೆ, 62ರ ಹತ್ತಿರ. ಆಚೆಯ ಗುಡ್ಡಗಳು ತಲೆ ಎತ್ತದಿದ್ದರೆ ಅಲ್ಲಿಂದ ಕಾಣುವ ನೆಲ ಆ ವೃತ್ತದಷ್ಟು. ಮೇಲುಕೋಟೆಯ ಯೋಗನರಸಿಂಹಸ್ವಾಮಿ ಬೆಟ್ಟ ಹತ್ತಿದವರಿಗೆ ಬೇರೆ ವೃತ್ತ. ಎರಡೂ ಒಂದರ ಮೇಲೊಂದು ಬೀಳುತ್ತವೆ, ಆದರೆ ಒಂದೇ ಅಲ್ಲ. ದಿಗಂತದ ಗೆರೆ ಬಿದ್ದ ಊರಿನವರಿಗೆ ತಮ್ಮೂರಲ್ಲಿ ಯಾವ ಗೆರೆಯೂ ಕಾಣುವುದಿಲ್ಲ. ಹೋಲಿಕೆ ಒಂದು ಕಡೆ ಮಾತ್ರ ಕೆಡುತ್ತದೆ: ಬೆಟ್ಟ ಇಳಿದು ಬಸ್ಸು ಹತ್ತಿದರೆ ದಿಗಂತದಾಚೆ ಹೋಗಬಹುದು, ವಿಶ್ವದ ವಿಷಯದಲ್ಲಿ ಆಗದು. ಹಿಗ್ಗುವಿಕೆ ವೇಗ ಹೆಚ್ಚಿಸಿಕೊಳ್ಳುತ್ತಿರುವುದರಿಂದ, ಇಂದು ಸುಮಾರು 1,700 ಕೋಟಿ ಜ್ಯೋತಿರ್ವರ್ಷಕ್ಕಿಂತ ಆಚೆ ಇರುವ ಗೆಲಾಕ್ಸಿಯಿಂದ ಇವತ್ತು ಹೊರಟ ಬೆಳಕು ಎಂದೆಂದಿಗೂ ನಮ್ಮನ್ನು ಸೇರದು. ಅದರ ಹಳೆಯ ಬೆಳಕು ಕಾಣುತ್ತಿರುತ್ತದೆ, ಅಷ್ಟೆ. 1,700ನ್ನು 4,650ರಿಂದ ಭಾಗಿಸಿ ಘನ ಮಾಡಿ ನೋಡಿ. ಕಾಣುವ ವಿಶ್ವದ ಗಾತ್ರದಲ್ಲಿ ಇನ್ನೂ ಸಂಪರ್ಕ ಸಾಧ್ಯವಿರುವುದು ನೂರಕ್ಕೆ 5 ಪಾಲಿಗಿಂತ ಕಡಿಮೆ! ‘ವಿಶ್ವ’ ಎಂದರೆ ನಾವು ಮುಟ್ಟಬಹುದಾದದ್ದು ಎಂದರೆ ಒಂದು ಅಳತೆ, ನೋಡಬಹುದಾದದ್ದು ಎಂದರೆ ಇನ್ನೊಂದು.

ಆಚೆ ಏನಿದೆ ಎಂಬ ಹುಡುಗಿಯ ಪ್ರಶ್ನೆಗೆ ಬರೋಣ. ಕಾಣುವ ವಿಶ್ವದಾಚೆ ಇದೇ ತರಹದ ಗೆಲಾಕ್ಸಿಗಳು ಇನ್ನೂ ಇವೆ ಎಂದು ನಂಬಲು ಒಳ್ಳೆಯ ಕಾರಣಗಳಿವೆ. ಆದರೆ ಎಷ್ಟು ದೂರದವರೆಗೆ? ಇದನ್ನು ನೇರವಾಗಿ ನೋಡಲಾಗದು, ಜಾಗದ ಬಾಗನ್ನು ಅಳೆದು ಊಹಿಸಬೇಕು. ಹಿನ್ನೆಲೆ ವಿಕಿರಣದ ನಕ್ಷೆಯಲ್ಲಿ ಬಿಸಿ-ತಂಪು ಮಚ್ಚೆಗಳಿವೆ. ಅವುಗಳ ನಿಜವಾದ ಗಾತ್ರ ಎಷ್ಟಿರಬೇಕೆಂದು ಭೌತವಿಜ್ಞಾನದಿಂದ ಗೊತ್ತು. ಜಾಗ ಬಾಗಿಲ್ಲದಿದ್ದರೆ ಅವು ಆಕಾಶದಲ್ಲಿ ಸುಮಾರು 1 ಡಿಗ್ರಿ ಅಗಲ, ಅಂದರೆ ಹುಣ್ಣಿಮೆ ಚಂದ್ರನ ಎರಡರಷ್ಟು, ಕಾಣಬೇಕು. ಹಾಗೆಯೇ ಕಾಣುತ್ತಿವೆ. ಪ್ಲಾಂಕ್ ಅಳತೆಗೆ ಗೆಲಾಕ್ಸಿ ಸಮೀಕ್ಷೆಗಳನ್ನು ಸೇರಿಸಿದರೆ ಬಾಗಿನ ಪ್ರಮಾಣ ಸೊನ್ನೆಯ ಆಚೆ ಈಚೆ 0.002. ಆ 0.002 ಪೂರ್ತಿ ಗೋಲದ ಕಡೆಗೇ ಬಾಗಿದೆ ಎಂದು ಹಿಡಿದರೂ ಬಾಗಿನ ತ್ರಿಜ್ಯ 32,000 ಕೋಟಿ ಜ್ಯೋತಿರ್ವರ್ಷ ದಾಟುತ್ತದೆ, ನಮಗೆ ಕಾಣುವುದರ ಸುಮಾರು 7 ಪಟ್ಟು.

ಹಾಗಾದರೆ ಬಾಗು ಸೊನ್ನೆ, ವಿಶ್ವ ಅನಂತ ಎಂದು ಬರೆಸಬಹುದೇ? ಬೇಡ. ಬಾಗು ಸೊನ್ನೆಯಾದರೂ ಜಾಗ ಸುತ್ತಿಕೊಂಡು ತನ್ನನ್ನೇ ಬಂದು ಸೇರುವಂತಿರಬಹುದು. ಹಳೆಯ ವಿಡಿಯೊ ಗೇಮುಗಳಲ್ಲಿ ಬಲಕ್ಕೆ ಮಾಯವಾದದ್ದು ಎಡದಿಂದ ಬರುತ್ತಿತ್ತಲ್ಲ, ಗಣಿತದಲ್ಲಿ ಅದು ಬಾಗಿಲ್ಲದ, ಆದರೆ ಸೀಮಿತವಾದ ಜಾಗ. ಹಾಗೆ ಚಿಕ್ಕದಾಗಿ ಸುತ್ತಿಕೊಂಡಿದ್ದರೆ ಹಿನ್ನೆಲೆ ವಿಕಿರಣದ ಎರಡು ಬೇರೆ ದಿಕ್ಕಿನಲ್ಲಿ ಒಂದೇ ವಿನ್ಯಾಸದ ಉಂಗುರಗಳು ಸಿಗಬೇಕು. ಹುಡುಕಿದ್ದಾರೆ, ಸಿಕ್ಕಿಲ್ಲ. ಕಾಣುವ ಮಿತಿಗಿಂತ ಬಹಳ ದೊಡ್ಡದಾಗಿ ಸುತ್ತಿಕೊಂಡಿದ್ದರೆ ಸಿಗುವುದೂ ಇಲ್ಲ.

ಇನ್ನೂ ಒಳಗಿನ ತೊಂದರೆಯೊಂದಿದೆ, ಅದು ಉಪಕರಣ ಸುಧಾರಿಸಿದರೂ ಹೋಗದು. ಯಾವ ಸಿದ್ಧಾಂತವನ್ನಾದರೂ ಪರೀಕ್ಷಿಸಲು ಹಲವು ಮಾದರಿ ಬೇಕು. ಭತ್ತದ ತಳಿ ಪರೀಕ್ಷಿಸುವವರು ಒಂದೇ ಗದ್ದೆ ನೋಡಿ ತೀರ್ಪು ಕೊಡುವುದಿಲ್ಲ. ವಿಶ್ವ ಮಾತ್ರ ಒಂದೇ ಒಂದು, ಅದನ್ನೂ ಒಂದೇ ಜಾಗದಿಂದ ನೋಡುತ್ತೇವೆ. ಹಿನ್ನೆಲೆ ವಿಕಿರಣದ ಅತಿ ದೊಡ್ಡ ಏರಿಳಿತವನ್ನು ವಿವರಿಸಲು ಇಡೀ ಆಕಾಶದಲ್ಲಿ ಸಿಗುವುದು 5 ಸ್ವತಂತ್ರ ಸಂಖ್ಯೆ ಮಾತ್ರ. ಐದರ ಮೇಲೆ ಸರಾಸರಿ ತೆಗೆದರೆ ಅನಿಶ್ಚಿತತೆ 2/5ರ ವರ್ಗಮೂಲ, ಅಂದರೆ ನೂರಕ್ಕೆ 63. ಅಳತೆ ಎಷ್ಟೇ ಶುದ್ಧವಾಗಿರಲಿ, ಇದು ಕಡಿಮೆಯಾಗದು. ಸಣ್ಣ ಮಚ್ಚೆಗಳು ಸಾವಿರಾರು ಇರುವುದರಿಂದ ಅಲ್ಲಿ ಈ ಕಾಟವಿಲ್ಲ. ಬಾಗು ತೀರಾ ಸಣ್ಣದಾಗಿದ್ದರೆ, ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕೆಳಗಿದ್ದರೆ, ವಿಶ್ವ ಸೀಮಿತವೋ ಅನಂತವೋ ಎಂದು ತೀರ್ಮಾನಿಸುವ ದಾರಿಯೇ ಮುಚ್ಚಿಹೋಗುತ್ತದೆ.

‘ದ್ರವ್ಯ ಮತ್ತು ಶಕ್ತಿ ಎಲ್ಲ ಸೇರಿದರೆ ವಿಶ್ವ’ ಎಂಬ ಇನ್ನೊಂದು ಸಾಲೂ ಪುಸ್ತಕಗಳಲ್ಲಿ ಓಡಾಡುತ್ತದೆ. ಇದು ಅವ್ಯಾಪ್ತಿ, ಏಕೆಂದರೆ ದೇಶಕಾಲ (ಜಾಗ ಮತ್ತು ಕಾಲ ಸೇರಿದ ಹಂದರ) ಹೊರಗುಳಿಯಿತು. ಐನ್‌ಸ್ಟೈನರ ನಂತರ ದೇಶಕಾಲ ಬರಿಯ ಖಾಲಿ ಪಾತ್ರೆಯಲ್ಲ, ಅದೇ ಬಾಗುತ್ತದೆ, ಅಲುಗುತ್ತದೆ. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಹಿಡಿಯುವ ಲೈಗೊ ಉಪಕರಣ ಹಿಡಿದದ್ದು ಅಂಥ ಅಲುಗಾಟವನ್ನೇ. ಇನ್ನು ‘ಒಟ್ಟು ಶಕ್ತಿ’ ಎಂದಾಗ ಕೂಡಿಸುವುದು ಹೇಗೆ? ಹಿನ್ನೆಲೆ ವಿಕಿರಣದ ಪ್ರತಿ ಫೋಟಾನ್ (ಬೆಳಕಿನ ಕಣ) ಹೊರಟಾಗಿದ್ದ ಶಕ್ತಿಯಲ್ಲಿ 1,090ರಲ್ಲಿ ಒಂದು ಪಾಲಿಗೆ ಇಳಿದಿದೆ. ಉಳಿದದ್ದು ಎಲ್ಲಿಗೆ ಹೋಯಿತು ಎಂದರೆ, ಹಿಗ್ಗುವ ಜಾಗದಲ್ಲಿ ಇಡೀ ವಿಶ್ವಕ್ಕೆ ಶಕ್ತಿ ಸಂರಕ್ಷಣೆಯ ಲೆಕ್ಕವೇ ಸಾಮಾನ್ಯವಾಗಿ ಅನ್ವಯಿಸದು ಎಂಬುದು ಉತ್ತರ. ಹತ್ತನೇ ತರಗತಿಗೆ ಇದನ್ನು ಹೇಳಬೇಕಿಲ್ಲ, ಆದರೆ ಆ ಸಾಲನ್ನು ಬರೆಸದಿರಲು ಇಷ್ಟು ಕಾರಣ ಸಾಕು. ಕಾಣುವ ವಿಶ್ವದ ಒಳಗೇ ನಮಗೆ ಗುರುತಿರುವ ಸಾಮಾನ್ಯ ದ್ರವ್ಯ ನೂರಕ್ಕೆ 5. ಕಪ್ಪು ದ್ರವ್ಯ 27, ಕಪ್ಪು ಶಕ್ತಿ 68. ಕೊನೆಯ ಎರಡು ಏನೆಂದು ಗೊತ್ತಿಲ್ಲದೆ ‘ದ್ರವ್ಯ, ಶಕ್ತಿ’ ಎಂಬ ಮಾತುಗಳ ಮೇಲೆ ಲಕ್ಷಣ ಕಟ್ಟುವುದು ದುಡುಕು.

ವ್ಯವಹಾರದ ಲಕ್ಷಣ ಕೊಟ್ಟು, ಹೀಗೆ ಕೊಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿದವರಲ್ಲಿ ನನಗೆ ತುಂಬ ಇಷ್ಟವಾದವರು 1150ರಲ್ಲಿ ಸಿದ್ಧಾಂತಶಿರೋಮಣಿ ಬರೆದ ಭಾಸ್ಕರಾಚಾರ್ಯರು. ಆಕಾಶದ ಪರಿಧಿ, ಅಂದರೆ ಖಕಕ್ಷೆ, 187,12,06,920 ಕೋಟಿ ಯೋಜನ ಎಂಬ ಸಂಖ್ಯೆ ಅವರಿಗೆ ಹಿಂದಿನವರಿಂದ ಬಂದಿತ್ತು. ಅದು ಬ್ರಹ್ಮಾಂಡದ ಸುತ್ತಳತೆ ಎಂದು ಕೆಲವರು, ಸೂರ್ಯನ ಕಿರಣ ಮುಟ್ಟುವ ಮಿತಿ ಎಂದು ಕೆಲವರು ಹೇಳುತ್ತಿದ್ದರು. ಭಾಸ್ಕರರ ತೀರ್ಪು: ಬ್ರಹ್ಮಾಂಡ ಅಷ್ಟಿರಲಿ, ಇಲ್ಲದಿರಲಿ, ಒಂದು ಕಲ್ಪದಲ್ಲಿ (432 ಕೋಟಿ ವರ್ಷದಲ್ಲಿ) ಗ್ರಹ ಎಷ್ಟು ಯೋಜನ ನಡೆಯುತ್ತದೋ ಅದನ್ನೇ ಪೂರ್ವಿಕರು ಖಕಕ್ಷೆ ಎಂದರು ಎಂಬುದು ನಮ್ಮ ಮತ. ತಾಳೆ ನೋಡಿ: ಕಲ್ಪವೊಂದರಲ್ಲಿ ಚಂದ್ರನ ಸುತ್ತುಗಳು 5,775.33 ಕೋಟಿ, ಚಂದ್ರನ ಕಕ್ಷೆ 3,24,000 ಯೋಜನ. ಎರಡನ್ನೂ ಗುಣಿಸಿದರೆ ಮೇಲಿನ ಸಂಖ್ಯೆ ಒಂದಂಕಿಯೂ ತಪ್ಪದೆ ಬರುತ್ತದೆ. ಇಂದಿನ ದೃಷ್ಟಿಯಲ್ಲಿ ಆ ಅಳತೆ ನಿಲ್ಲುವುದಿಲ್ಲ, ಎಲ್ಲ ಗ್ರಹಗಳೂ ಒಂದೇ ಯೋಜನವೇಗದಲ್ಲಿ ನಡೆಯುತ್ತವೆ ಎಂಬ ಆಧಾರವೇ ತಪ್ಪು. ಆದರೆ ಹೆಸರು ಯಾವುದಕ್ಕೆ, ಅಳತೆ ಯಾವುದರದು ಎಂಬುದನ್ನು ಅವರು ಕಲಸಿಲ್ಲ. ನೀವು ಬರೆಸಿದ ಎರಡು ಸಾಲುಗಳು ಕಲಸಿವೆ.

ತತ್ತ್ವಶಾಸ್ತ್ರದವರು ಏನನ್ನು ಹೊರಗಿಟ್ಟರು ಎಂದು ಕೇಳುತ್ತಾ ಹೋದರೆ ಸಹೋದ್ಯೋಗಿಯ ಜೊತೆ ಒಳ್ಳೆಯ ಸಂಜೆಯ ಮಾತಾಗುತ್ತದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿ ಇದೆಯಲ್ಲ, ಆ ಜೈನರ ಲಕ್ಷಣ ಎಲ್ಲಕ್ಕಿಂತ ಅಚ್ಚುಕಟ್ಟು. ಜೀವ, ಪುದ್ಗಲ (ಜಡವಸ್ತು), ಧರ್ಮ, ಅಧರ್ಮ, ಕಾಲ ಇವು ಇರುವಷ್ಟು ಆಕಾಶ ಲೋಕ. ಇವು ಇಲ್ಲದ ಬರಿಯ ಆಕಾಶ ಅಲೋಕ, ಅದಕ್ಕೆ ಕೊನೆಯಿಲ್ಲ. ಇಲ್ಲಿ ಅಧರ್ಮ ಎಂದರೆ ನಿಲುಗಡೆಗೆ, ಧರ್ಮ ಎಂದರೆ ಚಲನೆಗೆ ಆಧಾರವಾದ ದ್ರವ್ಯ, ಧರ್ಮ ಲೋಕದ ಅಂಚಿಗೆ ಮುಗಿಯುವುದರಿಂದ ಯಾವುದೂ ಆಚೆ ದಾಟದು. ಹೊರಗು ಎಂಬುದನ್ನು ಒಪ್ಪಿದ್ದರಿಂದಲೇ ಅವರಿಗೆ ಲೋಕದ ಎತ್ತರ 14 ರಜ್ಜು (ಅವರ ಬಹು ದೊಡ್ಡ ದೂರಮಾನ), ಗಾತ್ರ 343 ಘನ ರಜ್ಜು ಎಂದು ಅಳತೆ ಹೇಳಲು ಸಾಧ್ಯವಾಯಿತು. ಕೊಟ್ಟ ಬೆಲೆ: ಅವರ ಲೋಕ ‘ಇರುವುದೆಲ್ಲ’ ಅಲ್ಲ, ಅಲೋಕವೂ ಇದೆ.

ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರದು ಬೇರೆ ದಾರಿ. ಅವರು ಗಡಿಯ ಗೊಡವೆಗೇ ಹೋಗಲಿಲ್ಲ. ಒಂದು ಚೇತನ ಯಾವ ದ್ರವ್ಯವನ್ನು ತನ್ನ ಪ್ರಯೋಜನಕ್ಕಾಗಿ ಸಂಪೂರ್ಣವಾಗಿ ನಿಯಮಿಸಿ, ಧರಿಸಿ ಇರಬಲ್ಲದೋ, ಯಾವುದು ಆ ಚೇತನಕ್ಕೆ ಶೇಷವಾಗಿಯೇ (ಅಧೀನವಾಗಿಯೇ) ಇರುವುದೋ, ಅದು ಅದರ ಶರೀರ ಎಂದು ಶ್ರೀಭಾಷ್ಯದಲ್ಲಿ ಲಕ್ಷಣ ಹೇಳಿ, ಚಿತ್ತು (ಚೇತನ), ಅಚಿತ್ತು (ಜಡ) ಎರಡೂ ಬ್ರಹ್ಮದ ಶರೀರ ಎಂದರು. ಎಷ್ಟು ದೊಡ್ಡದು ಎಂಬುದಕ್ಕಿಂತ ಯಾವುದನ್ನು ಆಶ್ರಯಿಸಿದೆ ಎಂಬುದು ಇಲ್ಲಿ ಮುಖ್ಯ. ಅನಂತವಾಗಿದ್ದರೂ ಈ ಲಕ್ಷಣ ಕೆಡದು, ಆದರೆ ಇದನ್ನು ಅಳತೆಗೋಲಿನಿಂದ ಪರೀಕ್ಷಿಸಲೂ ಬರದು. ಅದ್ವೈತಿಗಳು ಜಗತ್ತು ಸತ್ (ಇರುವುದು) ಎಂದೂ ಅಲ್ಲ, ಅಸತ್ (ಇಲ್ಲದ್ದು) ಎಂದೂ ಅಲ್ಲ ಎಂದು, ಹೇಳಲಾಗದಿರುವುದನ್ನೇ ಲಕ್ಷಣ ಮಾಡಿದರು. ಬುದ್ಧ ಇನ್ನೂ ನಿಷ್ಠುರ: ಲೋಕ ಶಾಶ್ವತವೋ ಅಶಾಶ್ವತವೋ, ಅಂತವಿದೆಯೋ ಇಲ್ಲವೋ ಎಂಬ ನಾಲ್ಕನ್ನೂ ಉತ್ತರಿಸದೆ ಬಿಟ್ಟ ಪ್ರಶ್ನೆಗಳ ಸಾಲಿಗೆ ಸೇರಿಸಿದ.

ಜರ್ಮನ್ ತತ್ತ್ವಜ್ಞಾನಿ ಕಾಂಟ್ 1781ರಲ್ಲಿ ಇದೇ ಪ್ರಶ್ನೆಗಳನ್ನು ಎದುರುಬದುರು ನಿಲ್ಲಿಸಿ, ಎರಡು ಪಕ್ಷಕ್ಕೂ ಸಮಬಲದ ವಾದ ಕಟ್ಟಿ ತೋರಿಸಿದ. ಸಮಗ್ರ ಜಗತ್ತು ಎಂಬುದು ಎಂದೂ ಅನುಭವಕ್ಕೆ ವಸ್ತುವಾಗಿ ಸಿಗದು, ಆದ್ದರಿಂದ ಅದರ ಗಾತ್ರ ಕೇಳುವುದೇ ತಪ್ಪು ಎಂಬುದು ಅವನ ನಿರ್ಣಯ. ನನ್ನ ಅಭಿಪ್ರಾಯದಲ್ಲಿ ನಿರ್ಣಯದ ಮೊದಲ ಅರ್ಧ ಇಂದಿಗೂ ಗಟ್ಟಿ, ಮೇಲೆ ಹೇಳಿದ ಐದು ಸಂಖ್ಯೆಗಳ ತೊಂದರೆ ಅದಕ್ಕೇ ಸಾಕ್ಷಿ. ಆದರೆ ಸೀಮಿತವಾದರೆ ಅದರಾಚೆ ಖಾಲಿ ಜಾಗವಿರಬೇಕು ಎಂಬ ಅವನ ವಾದದ ಮೆಟ್ಟಿಲು ಈಗ ಇಲ್ಲ. ಸೀಮಿತವಾಗಿಯೂ ಅಂಚಿಲ್ಲದ ಜಾಗವನ್ನು 1854ರಲ್ಲಿ ರೀಮನ್ ಗಣಿತದಲ್ಲಿ ತೋರಿಸಿದರು, 1917ರಲ್ಲಿ ಐನ್‌ಸ್ಟೈನ್ ಇಡೀ ವಿಶ್ವಕ್ಕೇ ಅನ್ವಯಿಸಿದರು. ಆ ವಿಶ್ವದಲ್ಲಿ ಎಷ್ಟು ದೂರ ನೇರ ಹೋದರೂ ಗೋಡೆ ಸಿಗದು, ಹೊರಟಲ್ಲಿಗೇ ಬರುತ್ತೀರಿ. ಅಂಥ ವಿಶ್ವದ ಬಗ್ಗೆ ‘ಅಂಚಿನಾಚೆ ಏನು’ ಎಂಬುದು ಅಸಂಭವದೋಷದ ಪ್ರಶ್ನೆ.

ಬಹುವಿಶ್ವದ ಬಗ್ಗೆ ಮಕ್ಕಳು ಯೂಟ್ಯೂಬ್ ನೋಡಿ ಕೇಳುತ್ತಾರೆ. ಚುಟುಕಾಗಿ ಹೇಳಿ: ಆರಂಭದ ಹಿಗ್ಗಾಟದ ಕೆಲವು ಸಿದ್ಧಾಂತಗಳಿಂದ ಹುಟ್ಟುವ ಊಹೆ ಅದು, ಅಳತೆಯಿಂದ ಬಂದದ್ದಲ್ಲ. ಹಾಗೇನಾದರೂ ಇದ್ದರೆ ನಾವು ವಿಶ್ವ ಎನ್ನುತ್ತಿರುವುದು ಮತ್ತೊಮ್ಮೆ ಭಾಗವಾಗುತ್ತದೆ. ಹೀಗಾಗುವುದು ಹೊಸದೇನಲ್ಲ. 1920ರ ಏಪ್ರಿಲ್ 26ರಂದು ವಾಷಿಂಗ್ಟನ್ನಿನಲ್ಲಿ ಖಗೋಳವಿಜ್ಞಾನಿಗಳಾದ ಶಾಪ್ಲಿ ಮತ್ತು ಕರ್ಟಿಸ್ ಎದುರುಬದುರಾದಾಗ, ಕ್ಷೀರಪಥವೇ ವಿಶ್ವವೋ ಅಥವಾ ಆಚೆಗೂ ಗೆಲಾಕ್ಸಿಗಳಿವೆಯೋ ಎಂಬುದು ವಿವಾದ. ವಿಶ್ವ ಎಂದರೆ ಇರುವುದೆಲ್ಲ ಎಂಬಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ, ಆದರೆ ಆ ಲಕ್ಷಣ ವಿವಾದವನ್ನು ಕೂದಲೆಳೆಯಷ್ಟೂ ಸರಿಸಲಿಲ್ಲ. ತೀರಿಸಿದ್ದು 1923ರಲ್ಲಿ ಹಬಲ್ ಆಂಡ್ರೊಮಿಡಾದಲ್ಲಿ ಗುರುತಿಸಿದ, 31.4 ದಿನಕ್ಕೊಮ್ಮೆ ಮಿಡಿಯುವ ಒಂದು ಸೆಫೀಡ್ ನಕ್ಷತ್ರ. ಮಕ್ಕಳಿಗೆ ಆ ಗೆಲಾಕ್ಸಿಯನ್ನು ತೋರಿಸಬೇಕೆಂದರೆ ನವೆಂಬರ್ ನಡುವಿನಲ್ಲಿ, ಚಂದ್ರನಿಲ್ಲದ ರಾತ್ರಿ ಒಂಬತ್ತೂವರೆಗೆ, ಊರ ದೀಪದಿಂದ ದೂರ ಹೋಗಿ ಉತ್ತರಕ್ಕೆ 61 ಡಿಗ್ರಿ ಎತ್ತರದಲ್ಲಿ ನೋಡಿ. 10×50 ಬೈನಾಕ್ಯುಲರ್ ಇದ್ದರೆ ಮಸುಕಾದ ಮೊಟ್ಟೆಯಾಕಾರ ಸಿಗುತ್ತದೆ, ಫೋಟೊದಲ್ಲಿನ ಸುರುಳಿ ಕಾಣದು ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪೆಚ್ಚಾಗುತ್ತಾರೆ.

ಬರೆಸಬೇಕಾದದ್ದು ಇಷ್ಟು:

‘ಕಾಣುವ ವಿಶ್ವ ಎಂದರೆ ಹಿಗ್ಗುವಿಕೆ ಶುರುವಾದಂದಿನಿಂದ ಇಂದಿನವರೆಗೆ ಬೆಳಕು ನಮ್ಮನ್ನು ತಲುಪಲು ಸಾಧ್ಯವಾದಷ್ಟು ಜಾಗ, ಅದರಲ್ಲಿರುವ ದ್ರವ್ಯ ಮತ್ತು ವಿಕಿರಣ. ಅದರ ಇಂದಿನ ವ್ಯಾಸ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಬಿಸಿಯಾದ, ಸಾಂದ್ರವಾದ ಸ್ಥಿತಿಯಿಂದ ಅದು ಹಿಗ್ಗುತ್ತಾ ಬಂದು ಸುಮಾರು 1,380 ಕೋಟಿ ವರ್ಷವಾಗಿದೆ. ಇಡೀ ವಿಶ್ವ ಇದಕ್ಕಿಂತ ದೊಡ್ಡದಿರಬೇಕೆಂದು ಸಾಕ್ಷ್ಯ ಹೇಳುತ್ತದೆ. ಅದಕ್ಕೆ ಮಿತಿ ಇದೆಯೇ ಎಂಬುದು ತೀರ್ಮಾನವಾಗಿಲ್ಲ.’

ಪರೀಕ್ಷೆಯಲ್ಲಿ ‘ಇರುವುದೆಲ್ಲ’ ಎಂದಷ್ಟೇ ಬರೆದವರಿಗೆ ಅಂಕ ಕಡಿಯಬೇಡಿ, ಅದೂ ವ್ಯವಹಾರಕ್ಕೆ ನಡೆಯುತ್ತದೆ. ಅದರ ಪಕ್ಕ ವ್ಯಾಸ ಬರೆದರೆ ಮಾತ್ರ ‘ಯಾವುದರ ವ್ಯಾಸ?’ ಎಂದು ಅಂಚಿನಲ್ಲಿ ಗುರುತು ಹಾಕಿ. ಇಂಗ್ಲಿಷಿನಿಂದ ಸಂಖ್ಯೆ ಇಳಿಸುವಾಗ 13.8 ಬಿಲಿಯನ್ನನ್ನು 13.8 ಕೋಟಿ ಎಂದು ಬರೆಯುವುದು ಮಾಮೂಲಿ ತಪ್ಪು. ಒಂದು ಬಿಲಿಯನ್ ಎಂದರೆ 100 ಕೋಟಿ. ಜ್ಯೋತಿರ್ವರ್ಷ ಕಾಲದ ಅಳತೆ ಎಂದುಕೊಳ್ಳುವುದು ಇನ್ನೊಂದು ತಪ್ಪು, ಅದು ದೂರ, 9.46 ಲಕ್ಷ ಕೋಟಿ ಕಿ.ಮೀ.

ಚಾರ್ಟ್ ಬಿಡಿಸುವಾಗಲೂ ನೋಡಿಕೊಳ್ಳಿ. ಕಪ್ಪು ಹಾಳೆಯ ನಡುವೆ ಒಂದು ಚುಕ್ಕೆ ಸಿಡಿದಂತೆ ಬಿಡಿಸಿದರೆ, ಸಿಡಿತಕ್ಕೆ ಕೇಂದ್ರವಿದೆ, ಹೊರಗೆ ಕತ್ತಲ ಜಾಗವಿದೆ ಎಂಬ ಎರಡು ಸುಳ್ಳು ಒಂದೇ ಚಿತ್ರದಲ್ಲಿ ಮಕ್ಕಳ ತಲೆಗೆ ಹೋಗುತ್ತವೆ. ಹಾಳೆಯ ತುಂಬ ಅಂಚಿನವರೆಗೂ ಚುಕ್ಕೆಗಳನ್ನಿಟ್ಟು, ಒಂದು ಚುಕ್ಕೆಯ ಸುತ್ತ ಒಂದು ವೃತ್ತ, ಸ್ವಲ್ಪ ದೂರದ ಇನ್ನೊಂದರ ಸುತ್ತ ಅಷ್ಟೇ ದೊಡ್ಡ ವೃತ್ತ ಎಳೆಸಿ. ಮೊದಲನೆಯದಕ್ಕೆ ‘ನಮಗೆ ಕಾಣುವ ವಿಶ್ವ’ ಎಂದೂ ಎರಡನೆಯದಕ್ಕೆ ‘ಅವರಿಗೆ ಕಾಣುವ ವಿಶ್ವ’ ಎಂದೂ ಬರೆಸಿ. ಹಾಳೆಗೆ ಮಾತ್ರ ಹೆಸರು ಬರೆಸಬೇಡಿ.